ಒಂದೇ ಮೂಲಚಿತ್ರದಿಂದ ಎಲ್ಲ ಅಳತೆಯ ಐಕಾನ್‌ಗಳು

ಪ್ರಶ್ನೆ: ಬಿಡುವಿನ ವೇಳೆಯಲ್ಲಿ ಒಬ್ಬನೇ ಆಂಡ್ರಾಯ್ಡ್ ಮತ್ತು ಐಫೋನ್‌ಗಳಿಗಾಗಿ ಒಂದು ಪಿಕ್ಸೆಲ್ ಆರ್ಟ್ ಗೇಮ್ ಸಿದ್ಧಪಡಿಸುತ್ತಿದ್ದೇನೆ. ಐಕಾನ್‌ನ ಬಣ್ಣವನ್ನು ತುಸು ಬದಲಿಸಿದರೂ ಎಲ್ಲ ಅಳತೆಗಳನ್ನು ಮತ್ತೆ ಒಂದೊಂದಾಗಿ ಸೇವ್ ಮಾಡಬೇಕಾಗಿದೆ. ಮೇಲಾಗಿ ಚಿತ್ರ ಮಸುಕಾಗುತ್ತದೆ. ಈ ಕೆಲಸವನ್ನು ಸ್ಕ್ರಿಪ್ಟ್‌ಗೆ ಒಪ್ಪಿಸಬಹುದೇ? ಐಫೋನ್ ಐಕಾನ್‌ನಲ್ಲಿ ಪಾರದರ್ಶಕ ಭಾಗ ಇರಬಾರದೆನ್ನುವುದು ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಒಪ್ಪಿಸಬಹುದು. ಪೈಥಾನ್ ಮತ್ತು ಅದರ ಉಚಿತ ಪಿಲ್ಲೊ ಲೈಬ್ರರಿ ಇದ್ದರೆ ಸಾಕು. ಫೋಲ್ಡರಿನ ಹೆಸರು ಮತ್ತು ಅಳತೆಗಳ ಒಂದು ಪಟ್ಟಿಯನ್ನು ಬರೆದಿಟ್ಟು, ಮೂಲಚಿತ್ರವನ್ನು ತೆರೆದು, ಪ್ರತಿ ಸಾಲಿಗೂ ಒಮ್ಮೆ ಗಾತ್ರ ಬದಲಿಸಿ ಸೇವ್ ಮಾಡುವ ಲೂಪ್ ಬರೆಯಿರಿ. ಆದರೆ ಸ್ಕ್ರಿಪ್ಟ್‌ಗಿಂತ ಮೊದಲು ಮೂಲಚಿತ್ರದ ಅಳತೆಯನ್ನು ನಿರ್ಧರಿಸಬೇಕು, ಏಕೆಂದರೆ ನಿಮ್ಮ ಮಸುಕಿನ ತೊಂದರೆಯ ಅರ್ಧ ಭಾಗ ಅಲ್ಲೇ ಇರುವ ಸಾಧ್ಯತೆಯಿದೆ.

ಆಂಡ್ರಾಯ್ಡ್‌ನ ಐದು ಪರದೆ ಸಾಂದ್ರತೆಗಳಿಗೆ (ಒಂದು ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಎಂಬ ದರ್ಜೆಗಳಿಗೆ) ಬೇಕಾದ ಐಕಾನ್ ಅಳತೆಗಳು 48, 72, 96, 144 ಮತ್ತು 192 ಪಿಕ್ಸೆಲ್. ಹಲವರು ರೂಢಿಯಂತೆ 16 ಪಿಕ್ಸೆಲ್ ಚೌಕದಲ್ಲಿ ಚಿತ್ರ ಬರೆಯುತ್ತಾರೆ. ಅದನ್ನು 72ಕ್ಕೆ ಹಿಗ್ಗಿಸಲು ನಾಲ್ಕೂವರೆ ಪಟ್ಟು ಮಾಡಬೇಕಾಗುವುದರಿಂದ ಕೆಲವು ಚುಕ್ಕೆಗಳು ನಾಲ್ಕು ಪಿಕ್ಸೆಲ್ ಅಗಲವೂ ಕೆಲವು ಐದು ಪಿಕ್ಸೆಲ್ ಅಗಲವೂ ಆಗಿ, ಪಾತ್ರದ ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡೀತು. 24 ಪಿಕ್ಸೆಲ್ ಚೌಕದಲ್ಲಿ ಬರೆದರೆ ಇದೇ ಐದು ಅಳತೆಗಳು ಕ್ರಮವಾಗಿ 2, 3, 4, 6, 8 ಪಟ್ಟುಗಳಾಗಿ ಸರಿಯಾಗಿ ಕೂರುತ್ತವೆ. ಮಸುಕಿನ ಇನ್ನೊಂದು ಕಾರಣ ಪಿಲ್ಲೊ ಬಣ್ಣದ ಚಿತ್ರಗಳಿಗೆ ತಾನಾಗಿಯೇ ಬಳಸುವ ಬೈಕ್ಯೂಬಿಕ್ ವಿಧಾನ. ಅದು ಅಕ್ಕಪಕ್ಕದ ಬಣ್ಣಗಳನ್ನು ಬೆರೆಸುತ್ತದೆ. ಪಿಕ್ಸೆಲ್ ಆರ್ಟ್‌ಗೆ ‘ನಿಯರೆಸ್ಟ್’ ವಿಧಾನವನ್ನೇ (ಬಣ್ಣ ಬೆರೆಸದೆ ಹತ್ತಿರದ ಪಿಕ್ಸೆಲ್ ಅನ್ನೇ ನಕಲಿಸುವುದು) ಸ್ಪಷ್ಟವಾಗಿ ನಮೂದಿಸಬೇಕು.

ಆಂಡ್ರಾಯ್ಡ್ 8ರಿಂದ ಬಂದಿರುವ ಅಡಾಪ್ಟಿವ್ ಐಕಾನ್‌ಗೆ (ಫೋನಿಗೆ ತಕ್ಕಂತೆ ದುಂಡಗೋ ಚೌಕವೋ ಆಗಿ ಕತ್ತರಿಸಲ್ಪಡುವ ಐಕಾನ್) ಮುನ್ನೆಲೆ, ಹಿನ್ನೆಲೆ ಎಂಬ ಎರಡು ಪದರಗಳು ಬೇಕು. ಪ್ರತಿ ಪದರವೂ 108 ಡಿಪಿ (ಪರದೆಯ ಸಾಂದ್ರತೆಗೆ ತಕ್ಕಂತೆ ಪಿಕ್ಸೆಲ್ ಸಂಖ್ಯೆ ಬದಲಾಗುವ ಆಂಡ್ರಾಯ್ಡ್ ಅಳತೆ) ಚೌಕವಾಗಿದ್ದು, ಯಾವ ಫೋನಿನಲ್ಲೂ ಕತ್ತರಿಸಿ ಹೋಗದ ಭಾಗ ನಡುವಿನ 66 ಡಿಪಿ ಮಾತ್ರ. ಮೇಲೆ ಹಿಗ್ಗಿಸಿದ ಐದು ಚಿತ್ರಗಳೇ 48 ಡಿಪಿ ಗಾತ್ರದವು. ಅವನ್ನು 108, 162, 216, 324, 432 ಪಿಕ್ಸೆಲ್‌ಗಳ ಪಾರದರ್ಶಕ ಹಾಳೆಗಳ ನಡುವೆ ಅಂಟಿಸಿದರೆ ಮುನ್ನೆಲೆ ಸಿದ್ಧ. ಹಿನ್ನೆಲೆಗೆ ಒಂದೇ ಬಣ್ಣ ಸಾಕು.

ನಿಮ್ಮ ಎರಡನೆಯ ಅನುಮಾನ ಸರಿಯಾದದ್ದೇ. ಆಪ್ ಸ್ಟೋರ್‌ಗೆ ಕೊಡುವ 1024 ಪಿಕ್ಸೆಲ್ ಐಕಾನ್‌ನಲ್ಲಿ ಆಲ್ಫಾ ಚಾನೆಲ್ (ಪಾರದರ್ಶಕತೆಯ ಮಾಹಿತಿ) ಇರಕೂಡದು. ಅದನ್ನು ತೆಗೆಯಲು ಚಿತ್ರವನ್ನು ನೇರವಾಗಿ ಆರ್‌ಜಿಬಿಗೆ (ಕೆಂಪು, ಹಸಿರು, ನೀಲಿ ಮಾತ್ರ ಇರುವ ರೂಪಕ್ಕೆ) ಪರಿವರ್ತಿಸಿದರೆ ಪಾರದರ್ಶಕವಾಗಿದ್ದ ಜಾಗದಲ್ಲಿ ಅಡಗಿದ್ದ ಬಣ್ಣ, ಸಾಮಾನ್ಯವಾಗಿ ಕಪ್ಪು, ಹೊರಬರುತ್ತದೆ. ಆದ್ದರಿಂದ ಮೊದಲು ಹಿನ್ನೆಲೆ ಬಣ್ಣದ ಆರ್‌ಜಿಬಿ ಹಾಳೆಯೊಂದನ್ನು ಮಾಡಿ, 24 ಪಿಕ್ಸೆಲ್ ಚಿತ್ರವನ್ನು 32 ಪಟ್ಟು ಹಿಗ್ಗಿಸಿ, ಅದರ ಆಲ್ಫಾವನ್ನೇ ಮಾಸ್ಕ್ (ಯಾವ ಭಾಗ ಅಂಟಬೇಕೆಂದು ತಿಳಿಸುವ ಅಚ್ಚು) ಆಗಿ ಬಳಸಿ ಅಂಟಿಸಿರಿ; ಸುತ್ತಲೂ 128 ಪಿಕ್ಸೆಲ್ ಅಂಚು ಉಳಿಯುತ್ತದೆ. ಪ್ಲೇ ಸ್ಟೋರ್ ಕೇಳುವ 512 ಪಿಕ್ಸೆಲ್ ಚಿತ್ರಕ್ಕೆ ಇದೇ ಕ್ರಮದಲ್ಲಿ 16 ಪಟ್ಟು. ಮೂಲೆಗಳನ್ನು ನೀವು ದುಂಡಗೆ ಮಾಡಬೇಡಿ, ಎರಡೂ ಕಡೆ ಅದು ತಾನಾಗಿಯೇ ಆಗುತ್ತದೆ. ಆಪಲ್‌ನ ಆಪ್ ತಯಾರಿಕಾ ತಂತ್ರಾಂಶ ಎಕ್ಸ್‌ಕೋಡ್ 14ರಿಂದೀಚೆಗೆ ಐಫೋನ್‌ಗೆ ಆ ಒಂದೇ 1024 ಚಿತ್ರ ಸಾಕಾಗುವುದರಿಂದ, ಹತ್ತಾರು ಅಳತೆಗಳನ್ನು ಸುರಿಯುವ ಹಳೆಯ ಸ್ಕ್ರಿಪ್ಟ್‌ಗಳ ಬೆನ್ನು ಹತ್ತುವುದು ವ್ಯರ್ಥ.

ಸ್ಕ್ರಿಪ್ಟ್‌ಗೆ ಪೂರ್ತಿ ಬಿಡಲಾಗದ ಕೆಲಸವೂ ಒಂದಿದೆ. ಆಂಡ್ರಾಯ್ಡ್ 13ರ ಥೀಮ್ಡ್ ಐಕಾನ್‌ಗೆ (ಫೋನಿನ ಬಣ್ಣಗಳಿಗೆ ಹೊಂದಿಕೊಳ್ಳುವ ಐಕಾನ್) ಏಕವರ್ಣದ ಮೂರನೆಯ ಪದರ ಬೇಕು. ಮುನ್ನೆಲೆಯ ಆಲ್ಫಾದಿಂದ ಅದನ್ನು ಹುಟ್ಟಿಸುವುದು ಸುಲಭವಾದರೂ, ಕಣ್ಣು, ಬಾಯಿ, ಕೈಯ ಆಯುಧಗಳೆಲ್ಲ ಒಂದೇ ಮುದ್ದೆಯಾಗುತ್ತವೆ. ನೆರಳಿನಾಕೃತಿಯಿಂದಲೇ ಗುರುತು ಸಿಗುವ ಪಾತ್ರವಲ್ಲದಿದ್ದರೆ, ಆ ಪದರಕ್ಕಾಗಿ 24 ಪಿಕ್ಸೆಲ್‌ನ ಇನ್ನೊಂದು ಚಿತ್ರವನ್ನು ಕೈಯಾರೆ ಬರೆದು, ಸ್ಕ್ರಿಪ್ಟ್‌ಗೆ ಎರಡನೆಯ ಮೂಲಚಿತ್ರವಾಗಿ ಕೊಡಿರಿ.