ಇ-ಟಿಕೆಟ್ ಲಿಖಿತ ಒಪ್ಪಂದವಾಗುತ್ತದೆಯೇ?

ಕಾಗದವಿಲ್ಲ, ಸಹಿಯಿಲ್ಲ, ಇಮೇಲ್‌ಗೆ ಬಂದ ವಿಮಾನದ ಟಿಕೆಟ್ ಲಿಖಿತ ಒಪ್ಪಂದವೇ ಎಂದು ಕೇಳಿದ್ದೀರಿ. ಹೆಚ್ಚಿನ ದೇಶಗಳಲ್ಲಿ ಅದಕ್ಕೆ ಕಾಗದದ ಬರಹದಷ್ಟೇ ಬೆಲೆಯಿದೆ.

ನಿಜಕ್ಕೂ ಒಪ್ಪಂದ ಎಂದರೆ ಟಿಕೆಟ್ಟೇ ಅಲ್ಲ. ನೀವು ದುಡ್ಡು ಕಟ್ಟಿ, ಕಂಪನಿ ಬುಕಿಂಗ್ ಖಚಿತಪಡಿಸಿದಾಗಲೇ ಸಾಮಾನ್ಯವಾಗಿ ಒಪ್ಪಂದ ಆಗಿಹೋಗಿರುತ್ತದೆ; ಟಿಕೆಟ್ ಅದಕ್ಕೆ ಪುರಾವೆ. ಅಂತರರಾಷ್ಟ್ರೀಯ ಪ್ರಯಾಣದ 1999ರ ಮಾಂಟ್ರಿಯಲ್ ಒಡಂಬಡಿಕೆಯ 3ನೇ ವಿಧಿ ಪ್ರಕಾರ, ಪ್ರಯಾಣದ ವಿವರಗಳನ್ನು ಉಳಿಸಿಡುವ ಬೇರೆ ಯಾವ ವಿಧಾನವೂ ಕಾಗದದ ಬದಲಿಗೆ ನಡೆಯುತ್ತದೆ. ಪ್ರಯಾಣಿಕನಿಗೆ ಅವನ್ನು ಬರಹದಲ್ಲಿ ಕೊಡಲು ಕಂಪನಿ ಮುಂದಾಗಬೇಕು. ದಾಖಲೆಯಲ್ಲಿ ಲೋಪವಿದ್ದರೂ ಒಪ್ಪಂದ ಬಿದ್ದುಹೋಗದು. ಅಂದಹಾಗೆ, ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘಟನೆಯಾದ ಐಎಟಿಎ 2008ರಲ್ಲೇ ಕಾಗದದ ಟಿಕೆಟ್ಟಿಗೆ ವಿದಾಯ ಹೇಳಿದೆ.

ತಕರಾರು ಏಳುವುದು ಷರತ್ತುಗಳ ಬಗ್ಗೆ. ಟಿಕೆಟ್‌ನಲ್ಲಿ ಹೆಸರು, ವಿಮಾನದ ಸಂಖ್ಯೆ, ದಿನಾಂಕ, ‘ನಾನ್-ರಿಫಂಡಬಲ್’ (ದುಡ್ಡು ವಾಪಸ್ ಇಲ್ಲ) ಎಂಬೊಂದು ಸಾಲು ಇರುತ್ತದೆ ಅಷ್ಟೇ. ಉದ್ದನೆಯ ನಿಯಮಾವಳಿ ಬೇರೆಲ್ಲೋ ಲಿಂಕ್‌ನಲ್ಲಿ. ದುಡ್ಡು ಕಟ್ಟುವ ಮುಂಚೆ ಅದು ನಿಮ್ಮ ಕಣ್ಣಿಗೆ ಬೀಳುವಂತಿತ್ತೇ ಎಂಬುದನ್ನು ನ್ಯಾಯಾಲಯ ನೋಡಬಹುದು. ಹಾಗಾಗಿ ಇಮೇಲ್ ಜೊತೆಗೆ ಆ ದಿನದ ನಿಯಮಗಳ ಪ್ರತಿಯನ್ನೂ ಇಟ್ಟುಕೊಳ್ಳಿ.

ಇನ್ನೊಂದು: ಆರು ಅಕ್ಷರ-ಅಂಕಿಗಳ ಪಿಎನ್‌ಆರ್, ಅಂದರೆ ಬುಕಿಂಗ್ ಗುರುತು, ಬಂದ ಮಾತ್ರಕ್ಕೆ ಟಿಕೆಟ್ ಆಯಿತೆಂದಲ್ಲ. 13 ಅಂಕಿಗಳ ಟಿಕೆಟ್ ಸಂಖ್ಯೆ ಬಂದಿದೆಯೇ ನೋಡಿಕೊಳ್ಳಿ. ಕೆಲವು ಅಗ್ಗದ ದರದ ಕಂಪನಿಗಳು ಮಾತ್ರ ಅದನ್ನು ಕೊಡುವುದೇ ಇಲ್ಲ.