ಗ್ರಿಪ್ ಇದ್ದರೂ ಟೈರ್ ಬದಲಿಸಬೇಕೆ?

ಪಿಕಪ್ ಗಾಡಿಗಳ ಹಳೆಯ ಟೈರ್‌ಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಟೈರ್ ಎರಡು ಬಗೆಯಲ್ಲಿ ಹಳತಾಗುತ್ತದೆ. ಓಡಿ ಸವೆಯುವುದು ಒಂದು, ನಿಂತಲ್ಲೇ ಒಣಗುವುದು ಇನ್ನೊಂದು. ಸವೆದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಣಗಿದ್ದು ಬೀಳುವುದಿಲ್ಲ, ಹಾಗಾಗಿ ಹೆಚ್ಚಿನವರು ಏಮಾರುವುದು ಅಲ್ಲೇ.

ಪ್ರಶ್ನೆ: ನಮ್ಮ ಬೊಲೆರೊ ಪಿಕಪ್ 2019ರ ಜನವರಿಯಲ್ಲಿ ಕೊಂಡದ್ದು. ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಮಾರುಕಟ್ಟೆಗೆ ಓಡುತ್ತದೆ, ಉಳಿದ ತಿಂಗಳು ಬಯಲಲ್ಲೇ ನಿಂತಿರುತ್ತದೆ. ಓಡಿರುವುದು 41 ಸಾವಿರ ಕಿ.ಮೀ. ಮಾತ್ರ, ಗ್ರಿಪ್ ಅರ್ಧದಷ್ಟು ಉಳಿದಿದೆ. ಆದರೆ ಪಂಕ್ಚರ್ ಅಂಗಡಿಯವರು ‘ಪಕ್ಕದಲ್ಲಿ ಬಿರುಕು ಬಿಟ್ಟಿದೆ, ನಾಲ್ಕೂ ತೆಗೆಸಿ’ ಅನ್ನುತ್ತಿದ್ದಾರೆ. ವ್ಯಾಪಾರಕ್ಕೆ ಹೇಳುತ್ತಿದ್ದಾರೋ, ನಿಜವೋ?
— ಓದುಗರು, ಚಿಂತಾಮಣಿ

ಉತ್ತರ: ಮೊದಲು ಟೈರಿನ ಹುಟ್ಟಿದ ದಿನ ನೋಡಿ. ಟೈರಿನ ಪಕ್ಕದ ಗೋಡೆಯ ಮೇಲೆ, ರಿಮ್ಮಿನ ಹತ್ತಿರ, ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 3418 ಎಂದಿದ್ದರೆ 2018ನೇ ಇಸವಿಯ 34ನೇ ವಾರ, ಅಂದರೆ ಆಗಸ್ಟ್ ಕೊನೆಯ ಭಾಗದಲ್ಲಿ ತಯಾರಾದದ್ದು. ಈ ಅಂಕಿ ಒಂದೇ ಬದಿಯಲ್ಲಿ ಇರುವುದುಂಟು. ಹೊರಗೆ ಕಾಣದಿದ್ದರೆ ಗಾಡಿಯ ಅಡಿಗೆ ಬಗ್ಗಿ ಒಳಬದಿಯಲ್ಲಿ ಹುಡುಕಿ. ಗಾಡಿ ಕೊಂಡ ತಾರೀಖಿನಿಂದ ಲೆಕ್ಕ ಹಾಕಬೇಡಿ, ಈ ಅಂಕಿಯಿಂದ ಹಾಕಿ.

ಐದು ವರ್ಷ ತುಂಬಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಒಳಗೂ ಹೊರಗೂ ನೋಡಿಸಬೇಕು. ಹತ್ತು ವರ್ಷವಾದರೆ ಎಷ್ಟೇ ಚೆನ್ನಾಗಿ ಕಂಡರೂ ತೆಗೆಯಬೇಕು ಎಂದು ಹಲವು ದೊಡ್ಡ ಟೈರ್ ಕಂಪನಿಗಳೇ ಹೇಳುತ್ತವೆ. ಕೆಲವು ವಾಹನ ತಯಾರಕರು ಆರು ವರ್ಷಕ್ಕೇ ಗೆರೆ ಎಳೆಯುತ್ತಾರೆ. ಬಯಲಿನಲ್ಲಿ ಬಿಸಿಲಿಗೆ ನಿಂತು, ಸೀಸನ್ ಬಂದಾಗ ಭರ್ತಿ ಲೋಡ್ ಹೊರುವ ಗಾಡಿಗೆ ಆರರಿಂದ ಏಳು ವರ್ಷ ಸಾಕು ಎಂಬುದು ನಮ್ಮ ಅಭಿಪ್ರಾಯ.

ಓಡದ ಟೈರೇ ಬೇಗ ಬಿರುಕು ಬಿಡುವುದಕ್ಕೆ ಕಾರಣವಿದೆ. ರಬ್ಬರನ್ನು ಗಾಳಿಯ ಓಝೋನ್‌ನಿಂದ ಕಾಪಾಡಲು ಅದರೊಳಗೆ ಒಂದು ಬಗೆಯ ಮೇಣ ಮತ್ತು ರಾಸಾಯನಿಕ ಬೆರೆಸಿರುತ್ತಾರೆ. ಚಕ್ರ ಉರುಳಿ ಟೈರ್ ಬಳುಕುತ್ತಿದ್ದರೆ ಅವು ನಿಧಾನವಾಗಿ ಮೇಲಕ್ಕೆ ಬಂದು ಪದರ ಕಟ್ಟುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಈ ಕೆಲಸ ನಡೆಯುವುದಿಲ್ಲ.

ಬಿರುಕನ್ನು ಹೀಗೆ ಪರೀಕ್ಷಿಸಿ. ಟೈರ್ ತೊಳೆದು ಒಣಗಿಸಿ, ನೆಲಕ್ಕೆ ಊರಿ ಉಬ್ಬಿರುವ ಭಾಗವನ್ನು ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಂಥ ಗೆರೆಗಳು ಬರೀ ಮೇಲ್ಮೈಯಲ್ಲಿದ್ದರೆ ಹೆದರಿಕೆಯಿಲ್ಲ, ಆದರೆ ತಿಂಗಳಿಗೊಮ್ಮೆ ಗಮನಿಸುತ್ತಿರಿ. ಬಿರುಕಿನ ಮೇಲೆ ಅಡ್ಡಲಾಗಿ ಉಗುರು ಎಳೆದಾಗ ಸಿಕ್ಕಿಕೊಳ್ಳುತ್ತಿದ್ದರೆ, ಬಿರುಕುಗಳು ಒಂದಕ್ಕೊಂದು ಕೂಡಿ ಸುತ್ತಲೂ ಹಬ್ಬಿದ್ದರೆ, ಇಲ್ಲವೇ ಬಟನ್‌ಗಳ (ನೆಲ ಮುಟ್ಟುವ ರಬ್ಬರ್ ಗಟ್ಟಿಗಳ) ನಡುವಿನ ಕಾಲುವೆಯ ತಳದಲ್ಲಿ ಬಿರುಕಿದ್ದರೆ ತೆಗೆದುಬಿಡಿ. ಕಾಲುವೆಯ ತಳದ ಬಿರುಕು ಎಲ್ಲಕ್ಕಿಂತ ಕೆಟ್ಟದ್ದು. ಅದರೊಳಗೆ ನೀರಿಳಿದು ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ, ಒಂದು ದಿನ ಓಟದ ಮಧ್ಯೆ ಮೇಲಿನ ಪದರವೇ ಕಿತ್ತು ಬರುತ್ತದೆ. ನಿಮ್ಮ ಟೈರಿಗೆ ಏಳು ವರ್ಷವಾಗಿ, ಬಿರುಕಿಗೆ ಉಗುರೂ ಸಿಕ್ಕಿಕೊಳ್ಳುತ್ತಿದ್ದರೆ ಅಂಗಡಿಯವರು ಹೇಳಿದ್ದು ಸರಿ.

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಗ್ರಿಪ್ ಎಷ್ಟು ಇರಬೇಕು? ಅಳೆಯುವುದು ಹೇಗೆ? ಆಗುಂಬೆ ಘಾಟಿಯಲ್ಲಿ ವಾರಕ್ಕೆ ಮೂರು ಸಲ ಇಳಿದು ಹತ್ತುತ್ತೇವೆ.
— ಓದುಗರು, ತೀರ್ಥಹಳ್ಳಿ

ಉತ್ತರ: ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ನಾಲ್ಕು ಚಕ್ರದ ಗಾಡಿಗೆ ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಕಾಲುವೆಯೊಳಗೆ ಅಲ್ಲಲ್ಲಿ ಅಡ್ಡಲಾಗಿ ಎದ್ದ ಸಣ್ಣ ರಬ್ಬರ್ ದಿಂಡು ಆ ಮಟ್ಟವನ್ನೇ ತೋರಿಸುತ್ತದೆ. ಅದು ಎಲ್ಲಿದೆ ಎಂಬುದಕ್ಕೆ ಟೈರಿನ ಭುಜದ, ಅಂದರೆ ನೆಲ ಮುಟ್ಟುವ ಭಾಗ ಪಕ್ಕದ ಗೋಡೆಗೆ ತಿರುಗುವ ಅಂಚಿನ, ಹತ್ತಿರ ತ್ರಿಕೋನ ಅಥವಾ ‘ಟಿಡಬ್ಲ್ಯುಐ’ ಎಂಬ ಗುರುತು ಇರುತ್ತದೆ. ಬಟನ್ ಸವೆದು ದಿಂಡಿಗೆ ಸಮವಾದರೆ ಕಾನೂನಿನ ಪ್ರಕಾರ ಆ ಟೈರ್ ಮುಗಿಯಿತು, ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ತಪಾಸಣೆಯಲ್ಲೂ ನಿಲ್ಲುವುದಿಲ್ಲ.

ಆದರೆ ಮಲೆನಾಡಿನ ಮಳೆಗೆ 1.6 ಸಾಲದು. ಕಾಲುವೆ ಇರುವುದೇ ಟೈರಿನಡಿಯ ನೀರನ್ನು ಹೊರಕ್ಕೆ ತಳ್ಳಲು. ಆಳ 3 ಮಿ.ಮೀ.ಗಿಂತ ಕಡಿಮೆಯಾದಂತೆ ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲುವ ದೂರ ಬೇಗ ಬೇಗ ಹೆಚ್ಚುತ್ತದೆ. ಅದರಲ್ಲೂ ಖಾಲಿ ಪಿಕಪ್‌ನ ಹಿಂಬದಿ ಹಗುರ, ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಜಾರುತ್ತದೆ. ಮೇ ತಿಂಗಳಲ್ಲಿ ಅಳೆದು 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಮುಂಗಾರು ಹಿಡಿಯುವ ಮೊದಲೇ ಬದಲಿಸಿ. ದೀಪಾವಳಿವರೆಗೆ ತಳ್ಳೋಣ ಎನ್ನಬೇಡಿ.

ಅಳೆಯಲು ಸಣ್ಣ ಡೆಪ್ತ್ ಗೇಜ್ ಬಿಡಿಭಾಗದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು ಹೀಗೆ ಮೂರು ಕಡೆ, ಚಕ್ರವನ್ನು ಸ್ವಲ್ಪ ಉರುಳಿಸಿ ಮತ್ತೆ ಮೂರು ಕಡೆ ಅಳೆಯಿರಿ. ಗೇಜಿನ ಮೊನೆ ಆ ದಿಂಡಿನ ಮೇಲೆ ಕೂರದಂತೆ ನೋಡಿಕೊಳ್ಳಿ. ಆರರಲ್ಲಿ ಅತಿ ಕಡಿಮೆ ಬಂದದ್ದೇ ಆ ಟೈರಿನ ಲೆಕ್ಕ, ಸರಾಸರಿ ತೆಗೆಯಬಾರದು.

ಪ್ರಶ್ನೆ: ಹಿಂದಿನ ಎರಡೂ ಟೈರ್ ನಡುವೆ ಮಾತ್ರ ಸವೆದಿವೆ. ಮುಂದಿನ ಎಡ ಟೈರ್ ಒಳಗಡೆ ಬೋಳಾಗಿದೆ. ಹೊಸದು ಹಾಕಿದರೆ ಸಾಕೇ?
— ಓದುಗರು, ರಾಣೆಬೆನ್ನೂರು

ಉತ್ತರ: ಸಾಲದು. ಕಾರಣ ಸರಿಪಡಿಸದಿದ್ದರೆ ಹೊಸ ಟೈರೂ ಹೀಗೇ ಸವೆಯುತ್ತದೆ. ನಡುವೆ ಸವೆತ ಎಂದರೆ ಹೊರೆಗೆ ತಕ್ಕುದಕ್ಕಿಂತ ಗಾಳಿ ಹೆಚ್ಚು. ಲೋಡಿಗೆಂದು ಹೊಡೆಸಿದ ಗಾಳಿಯಲ್ಲೇ ವಾಪಸು ಖಾಲಿ ಗಾಡಿ ದಿನವೂ ಓಡಿದರೆ ಹಿಂದಿನ ಟೈರಿನ ನಡುಭಾಗವೊಂದೇ ನೆಲ ಮುಟ್ಟುತ್ತದೆ. ಚಾಲಕನ ಬಾಗಿಲ ಹತ್ತಿರದ ಪಟ್ಟಿಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಖಾಲಿಗೆಷ್ಟು, ಲೋಡಿಗೆಷ್ಟು ಎಂದು ಬೇರೆ ಬೇರೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ದಿನಬಳಕೆಗೆ ಹೊಡೆಸುವ ಅಳತೆಯಲ್ಲ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ.

ಮುಂದಿನ ಟೈರಿನ ಒಂದೇ ಬದಿ ಹೋಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಬಾಲ್ ಜಾಯಿಂಟ್, ಟೈ ರಾಡ್ ಕೊನೆ, ಬುಷ್ ಸಡಿಲವಾಗಿವೆ. ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ, ಮತ್ತೆ ಒಳಗಿನಿಂದ ಹೊರಕ್ಕೆ ಸವರಿ ನೋಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪಿದೆ. ಸಡಿಲ ಭಾಗ ಬದಲಿಸಿದ ಮೇಲೆಯೇ ಅಲೈನ್‌ಮೆಂಟ್ ಮಾಡಿಸಿ, ಮೊದಲೇ ಮಾಡಿಸಿದರೆ ಕೊಟ್ಟ ಹಣ ದಂಡ.

ಪ್ರಶ್ನೆ: ಏಪ್ರಿಲ್‌ನಲ್ಲಿ ಒಂದೇ ವಾರ ಎರಡು ಟೈರ್ ಸಿಡಿದವು. ದಾರಿಯಲ್ಲಿ ಗಾಳಿ ಏರಿದೆ ಎಂದು ಪ್ರತಿಸಲ ಇಳಿಸುತ್ತಿದ್ದೆವು. ಆದರೂ ಯಾಕೆ?
— ಓದುಗರು, ಕಲಬುರಗಿ

ಉತ್ತರ: ಇಳಿಸಿದ್ದೇ ತಪ್ಪು. ಬೆಳಿಗ್ಗೆ ತಣ್ಣಗಿದ್ದಾಗ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದ ಟೈರ್ ಓಡಿ 30 ಡಿಗ್ರಿಯಷ್ಟು ಕಾದರೆ 56–57 ತೋರಿಸುತ್ತದೆ. ಅದು ಸಹಜ, ಕಂಪನಿ ಅದನ್ನು ಲೆಕ್ಕ ಹಾಕಿಯೇ ತಣ್ಣನೆಯ ಅಳತೆ ಕೊಟ್ಟಿರುತ್ತದೆ. ಬಿಸಿಯಲ್ಲಿ ಅದನ್ನು 50ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ಉಳಿಯುವುದು ಸುಮಾರು 44. ಗಾಳಿ ಕಡಿಮೆಯಾದಷ್ಟೂ ಪಕ್ಕದ ಗೋಡೆ ಹೆಚ್ಚು ಬಳುಕುತ್ತದೆ, ಬಳುಕಿದಷ್ಟೂ ಕಾಯುತ್ತದೆ, ಕಾದಷ್ಟೂ ಪದರಗಳ ಅಂಟು ಬಿಡುತ್ತದೆ. ಇದರ ಮೇಲೆ ಹೆಚ್ಚುವರಿ ಲೋಡೂ ಸೇರಿದರೆ ಟೈರ್ ಉಳಿಯುವುದು ಕಷ್ಟ.

ಇದು ನಮ್ಮೂರಿನ ಸಮಸ್ಯೆ ಮಾತ್ರವಲ್ಲ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ಪಿಕಪ್ ಮತ್ತು ಎಸ್‌ಯುವಿಗಳ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಪಡೆಯಿತು. ಓಟದಲ್ಲಿ ಮೇಲಿನ ಪದರ ಕಿತ್ತುಬಂದು ಗಾಡಿಗಳು ಮಗುಚಿದ್ದವು. ಹೆಚ್ಚಿನ ಪ್ರಕರಣಗಳು ಟೆಕ್ಸಸ್, ಫ್ಲಾರಿಡಾ, ಅರಿಝೋನದಂಥ ಬಿಸಿ ರಾಜ್ಯಗಳವು. ಗಾಳಿ 26 ಪಿಎಸ್‌ಐ ಇರಬೇಕಿತ್ತೋ 30 ಇರಬೇಕಿತ್ತೋ ಎಂಬುದೇ ಆಗ ದೊಡ್ಡ ವಾದವಾಯಿತು.

ಸಿಡಿಯದೆ ಉಳಿದ ಎರಡನ್ನೂ ರಿಮ್ಮಿನಿಂದ ಬಿಚ್ಚಿಸಿ ಒಳಗೆ ನೋಡಿ. ಪಕ್ಕದ ಗೋಡೆಯ ಒಳಮೈ ಸುಕ್ಕುಗಟ್ಟಿದ್ದರೆ, ರಬ್ಬರ್ ಪುಡಿ ಉದುರುತ್ತಿದ್ದರೆ ಅವೂ ಕಡಿಮೆ ಗಾಳಿಯಲ್ಲಿ ಓಡಿ ಒಳಗೊಳಗೇ ಹಾಳಾಗಿವೆ. ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಗುಂಡಿಗೆ ಇಳಿದ ಮೇಲೆ ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿದೆ. ಒಳಗೆ ಗೇಟರ್ ಇಟ್ಟುಕೊಡುತ್ತೇವೆ ಎನ್ನುತ್ತಾರೆ. ಇಡಿಸಬಹುದೇ?
— ಓದುಗರು, ಪುತ್ತೂರು

ಉತ್ತರ: ಬೇಡ. ಉಬ್ಬು ಎಂದರೆ ಗೋಡೆಯೊಳಗಿನ ದಾರಗಳು ತುಂಡಾಗಿ, ಬರೀ ರಬ್ಬರ್ ಗಾಳಿಯನ್ನು ಹಿಡಿದು ನಿಂತಿದೆ ಎಂದರ್ಥ. ಗೇಟರ್ ಅಂದರೆ ಹಳೆಯ ಟೈರಿನ ತುಂಡು. ಒಳಗಿನಿಂದ ಒತ್ತಿ ನಿಂತರೂ ತುಂಡಾದ ದಾರ ಕೂಡುವುದಿಲ್ಲ. ಆ ತುಂಡು ಒಳಗೆ ಉಜ್ಜಿ ಟ್ಯೂಬ್ ಇದ್ದರೆ ಅದನ್ನೂ ಕೊಯ್ಯುತ್ತದೆ. ಸ್ಟೆಪ್ನಿ ಹಾಕಿಕೊಂಡು, ಉಬ್ಬಿದ್ದನ್ನು ಇವತ್ತೇ ತೆಗೆಸಿ.

ರೇಡಿಯಲ್ ಟೈರಿನ ಪಕ್ಕದಲ್ಲಿ ಬೆರಳಿನಗಲ ಒಳಕ್ಕೆ ತಗ್ಗಿದ ಗೆರೆ ಕಂಡರೆ ಮಾತ್ರ ಗಾಬರಿ ಬೇಡ. ಅದು ಬಟ್ಟೆಯ ಪದರ ಒಂದರ ಮೇಲೊಂದು ಕೂಡಿದ ಜಾಗ. ಹೊರಕ್ಕೆ ಉಬ್ಬಿದ್ದು ದೋಷ, ಒಳಕ್ಕೆ ತಗ್ಗಿದ್ದು ದೋಷವಲ್ಲ. ಪಂಕ್ಚರ್ ಕೂಡ ನೆಲ ಮುಟ್ಟುವ ನಡುಭಾಗದಲ್ಲಿ, 6 ಮಿ.ಮೀ. ಒಳಗಿನ ತೂತಾದರೆ ಮಾತ್ರ ಹಾಕಿಸಿ. ಭುಜಕ್ಕೂ ಪಕ್ಕದ ಗೋಡೆಗೂ ರಿಪೇರಿ ಇಲ್ಲ.

ಪ್ರಶ್ನೆ: ಸದ್ಯಕ್ಕೆ ಎರಡು ಹೊಸ ಟೈರಿಗಷ್ಟೇ ಹಣವಿದೆ. ಮುಂದಕ್ಕೋ, ಹಿಂದಕ್ಕೋ?
— ಓದುಗರು, ಹಾಸನ

ಉತ್ತರ: ಹಿಂದಕ್ಕೆ. ನಮ್ಮಲ್ಲಿ ಹೆಚ್ಚಿನವರು ಮುಂದಕ್ಕೆ ಹಾಕಿಸುತ್ತಾರೆ, ಮುಂದಿನದು ಸಿಡಿದರೆ ಸ್ಟೇರಿಂಗ್ ಎಳೆಯುತ್ತದೆ ಎಂಬ ಭಯದಿಂದ. ಭಯ ಸುಳ್ಳಲ್ಲ, ಆದರೆ ಸಿಡಿಯಬಹುದು ಎನಿಸುವ ಟೈರ್ ಗಾಡಿಯ ಯಾವ ಮೂಲೆಯಲ್ಲೂ ಇರಬಾರದು. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಡಿತ ಸಿಗುವ ಅವಕಾಶವಿದೆ. ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಆಮೇಲೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುಂದೆ ಉಳಿಯುವ ಹಳೆಯ ಜೋಡಿ 3 ಮಿ.ಮೀ.ಗಿಂತ ಹೆಚ್ಚಿರಲಿ, ಬಿರುಕು-ಉಬ್ಬು ಇರದಿರಲಿ. ಒಂದೇ ಆಕ್ಸಲ್‌ನ ಎರಡೂ ಟೈರ್ ಒಂದೇ ಸೈಜ್, ಒಂದೇ ಮಾದರಿ ಆಗಿರಬೇಕು. ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಖಂಡಿತ ಬೇಡ.

ಪ್ರಶ್ನೆ: ಭತ್ತದ ಸೀಸನ್‌ಗೆ ರಿಸೋಲ್ ಮಾಡಿಸಿದರೆ ನಡೆಯುತ್ತದೆಯೇ? ಬೋಳಾದ ಟೈರಿಗೆ ಗ್ರೂವ್ ಕೊರೆದುಕೊಡುವವರೂ ಇದ್ದಾರೆ.
— ಓದುಗರು, ಸಿಂಧನೂರು

ಉತ್ತರ: ರಿಸೋಲ್ ಮೇಲಿನ ರಬ್ಬರನ್ನು ಮಾತ್ರ ಹೊಸದು ಮಾಡುತ್ತದೆ, ಒಳಗಿನ ಕೇಸಿಂಗ್ ಹಳೆಯದೇ. ತಯಾರಾಗಿ ನಾಲ್ಕೈದು ವರ್ಷದೊಳಗಿನ, ಪಕ್ಕದಲ್ಲಿ ಗಾಯವಿಲ್ಲದ, ತಂತಿ ಕಾಣುವವರೆಗೆ ಸವೆಸದ ಕೇಸಿಂಗ್ ಆದರೆ ಹಿಂದಿನ ಚಕ್ರಕ್ಕೆ ಹಾಕಬಹುದು. ಮುಂದಕ್ಕೆ ಬೇಡ. ಪಿಕಪ್‌ನ ಸಣ್ಣ ಟೈರಿಗೆ ಉಳಿತಾಯ ಲಾರಿ ಟೈರಿನಷ್ಟು ಇಲ್ಲ ಎಂಬುದನ್ನೂ ಲೆಕ್ಕ ಹಾಕಿ. ಕಾದ ಬ್ಲೇಡಿನಿಂದ ಗ್ರೂವ್ ಕೊರೆಸುವುದಂತೂ ಬೇಡವೇ ಬೇಡ. ಅದಕ್ಕೆಂದೇ ತಳದಲ್ಲಿ ದಪ್ಪ ರಬ್ಬರ್ ಬಿಟ್ಟು ‘ರೀಗ್ರೂವಬಲ್’ ಎಂದು ಗುರುತು ಹಾಕಿದ ದೊಡ್ಡ ಟೈರುಗಳಿಗೆ ಮಾತ್ರ ಆ ಕೆಲಸ. ಉಳಿದವಕ್ಕೆ ಕೊರೆದರೆ ಬ್ಲೇಡು ತಂತಿಯ ಪದರಕ್ಕೇ ಇಳಿಯುತ್ತದೆ.

ಪ್ರಶ್ನೆ: ಇಲ್ಲಿ ನನ್ನ ಪಿಕಪ್‌ಗೆ ಆರು ವರ್ಷದ ಕಾರಿನ ಮಾದರಿಯ ‘ಪಿ’ ಟೈರ್ ಇದೆ. ಟ್ರೇಲರ್ ಎಳೆಯುತ್ತೇನೆ. ಬದಲಿಸುವಾಗ ಲೈಟ್ ಟ್ರಕ್ ಮಾದರಿಯ ‘ಎಲ್‌ಟಿ’ ಬೇಕೇ?
— ಕನ್ನಡಿಗ ಓದುಗರು, ಡಲ್ಲಾಸ್

ಉತ್ತರ: ‘ಪಿ’ ಟೈರನ್ನು ಪಿಕಪ್‌ಗೆ ಹಾಕಿದಾಗ ಅದರ ಭಾರದ ಮಿತಿಯನ್ನು 1.10ರಿಂದ ಭಾಗಿಸಬೇಕು. ಆ ಮಿತಿಯನ್ನು ಸೂಚಿಸುವ ಸಂಖ್ಯೆಯೇ ಲೋಡ್ ಇಂಡೆಕ್ಸ್. ಅದು 116 ಎಂದರೆ 1250 ಕೆ.ಜಿ., ಪಿಕಪ್‌ನಲ್ಲಿ ಅದು ಸುಮಾರು 1136 ಮಾತ್ರ. ಟ್ರೇಲರಿನ ಮೂತಿ ಪಿಕಪ್ ಮೇಲೆ ಹೇರುವ ಭಾರ ಸೇರಿ ಹಿಂದಿನ ಆಕ್ಸಲ್ ಮಿತಿಯ ಹತ್ತಿರ ಬರುತ್ತಿದ್ದರೆ ‘ಎಲ್‌ಟಿ’ ಒಳ್ಳೆಯದು, ಆದರೆ ಅಷ್ಟೇ ಭಾರಕ್ಕೆ ಅದಕ್ಕೆ ಹೆಚ್ಚು ಗಾಳಿ ಬೇಕು. ಫೋರ್ಡ್‌ನಂಥ ತಯಾರಕರು ಆರು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಟೆಕ್ಸಸ್‌ನ ಬಿಸಿಲಿಗೆ ಅದು ಅತಿಯಾದ ಎಚ್ಚರಿಕೆಯಲ್ಲ. 2025ರಿಂದ ಅಲ್ಲಿ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆಯೂ ನಿಂತಿರುವುದರಿಂದ ನೋಡಿಕೊಳ್ಳುವ ಹೊಣೆ ನಿಮ್ಮದೇ.

ಪ್ರಶ್ನೆ: ಹೊಸ ಟೈರ್ ಹಾಕಿಸುವಾಗ ಅಂಗಡಿಯಲ್ಲಿ ಏನೇನು ನೋಡಬೇಕು? ಸ್ಟೆಪ್ನಿ ಒಂದು ಸಲವೂ ಬಳಸಿಲ್ಲ, ಅದನ್ನೇ ಒಂದು ಕಡೆಗೆ ಹಾಕಬಹುದೇ?
— ಓದುಗರು, ಮಂಡ್ಯ

ಉತ್ತರ: ರಿಮ್ಮಿಗೆ ಏರಿಸುವ ಮೊದಲೇ ತಾರೀಖಿನ ಅಂಕಿ, ಸೈಜ್, ಲೋಡ್ ಇಂಡೆಕ್ಸ್, ಐಎಸ್‌ಐ ಗುರುತು ನೋಡಿ. ತಯಾರಾಗಿ ಒಂದು ವರ್ಷದೊಳಗಿನದನ್ನೇ ಕೇಳಿ. ಲೋಡ್ ಇಂಡೆಕ್ಸ್ ಹಳೆಯದಕ್ಕಿಂತ ಕಡಿಮೆ ಇರಬಾರದು. 103 ಎಂದರೆ ಒಂದು ಟೈರಿಗೆ 875 ಕೆ.ಜಿ., 109 ಎಂದರೆ 1030. ಅಳತೆ ಒಂದೇ ಎಂದು ಕಾರಿನ ಟೈರ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿ, ವಾರಂಟಿಗೆ ಅದು ಬೇಕು.

ಟ್ಯೂಬ್‌ಲೆಸ್ ಆದರೆ ವಾಲ್ವನ್ನೂ ಹೊಸದು ಹಾಕಿಸಿ. ಕಾರುಗಳಿಗೆ ಹಾಕುವ ಸಾಮಾನ್ಯ ಟಿಆರ್ 413 ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. ನಿಮ್ಮ ಗಾಡಿಗೆ ಅದಕ್ಕಿಂತ ಹೆಚ್ಚು ಗಾಳಿ ಬೇಕಿದ್ದರೆ ಹೆಚ್ಚು ಒತ್ತಡದ್ದು ಅಥವಾ ಲೋಹದ್ದು ಕೇಳಿ. ಟ್ಯೂಬ್ ಟೈರಾದರೆ ಟ್ಯೂಬೂ ಹೊಸದೇ ಆಗಬೇಕು. ಹಳೆಯ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಸೀಳುತ್ತದೆ.

ಸ್ಟೆಪ್ನಿ ನೆಲ ಮುಟ್ಟದಿದ್ದರೂ ಗಾಡಿಯ ಅಡಿಯಲ್ಲಿ ಕೆಸರು, ಸೈಲೆನ್ಸರ್ ಬಿಸಿ ತಿಂದು ಅಷ್ಟೇ ವರ್ಷ ಹಳತಾಗಿದೆ. ಇಳಿಸಿ ಅದರ ತಾರೀಖು ಓದಿ. ಐದು ವರ್ಷದೊಳಗಿದ್ದು ಬಿರುಕಿಲ್ಲದಿದ್ದರೆ, ಅದರ ಜೊತೆಗೆ ಅದೇ ಮಾದರಿಯ ಹೊಸದು ಸಿಕ್ಕರೆ, ಒಂದು ಆಕ್ಸಲ್‌ಗೆ ಜೋಡಿ ಮಾಡಬಹುದು. ಆರು ದಾಟಿದ್ದರೆ ಅದು ಪಂಕ್ಚರ್ ಅಂಗಡಿವರೆಗೆ ನಿಧಾನವಾಗಿ ಹೋಗಿ ಮುಟ್ಟಲು ಮಾತ್ರ. ಬಳಸದಿದ್ದರೂ ತಿಂಗಳಿಗೊಮ್ಮೆ ಅದರ ಗಾಳಿ ನೋಡಿಸಿ, ಲೋಡಿನ ಅಳತೆಗೇ ತುಂಬಿಸಿಡಿ. ಹಿಂದಿನ ಚಕ್ರಕ್ಕೆ ಬೇಕಾದಾಗ ಇಳಿಸುವುದು ಸುಲಭ, ರಾತ್ರಿ ರಸ್ತೆಬದಿಯಲ್ಲಿ ತುಂಬಿಸುವುದು ಕಷ್ಟ.