ಐವತ್ತು ಟಚ್‌ಡೌನ್ ಯಾರದ್ದು?

ಡಲ್ಲಾಸ್‌ನಿಂದ ಓದುಗರೊಬ್ಬರು ಬರೆದ ಪತ್ರದ ಸಾರ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಎಂಥವನು ಎಂದು ತಿಳಿಯಲು ಅವನ ಅಂಕಿಅಂಶ ಸಾಕು. ಜೊತೆಗಾರರು ಚೆನ್ನಾಗಿದ್ದರು, ಅದಕ್ಕೇ ಮಿಂಚಿದ ಎನ್ನುವುದು ಹೊಟ್ಟೆಕಿಚ್ಚಿನ ಮಾತು. ಟಾಮ್ ಬ್ರೇಡಿ 2007ರಲ್ಲಿ 50 ಟಚ್‌ಡೌನ್ (ಎದುರಾಳಿಯ ಗೋಲುಗೆರೆ ದಾಟಿ ಅಂಕ ತರುವ ಪಾಸ್) ಎಸೆದದ್ದು ತನ್ನ ತೋಳಿನಿಂದ.

ಸಂಪಾದಕರ ಉತ್ತರ: ಕೈಬರಹದಲ್ಲಿ ಅಂಕಿಗಳ ಕೋಷ್ಟಕವನ್ನೇ ಹಾಕಿ ಕಳಿಸಿದ್ದೀರಿ. ಇಂಥ ಓದುಗರು ಈಗ ಎಲ್ಲಿ ಸಿಗುತ್ತಾರೆ? ಆದರೆ ಸ್ವಾಮಿ, ಅದೇ ಕೋಷ್ಟಕದಲ್ಲಿ ಒಂದು ಸಾಲು ಮೇಲೆ ಕಣ್ಣು ಹಾಯಿಸಬಾರದಿತ್ತೆ? 2006ರಲ್ಲೂ ಅದೇ ಬ್ರೇಡಿ, ಅದೇ ತೋಳು. ಟಚ್‌ಡೌನ್ ಮಾತ್ರ 24. ಮರುವರ್ಷ ರ‍್ಯಾಂಡಿ ಮಾಸ್ ಬಂದ, ವೆಸ್ ವೆಲ್ಕರ್ ಬಂದ; ಇಬ್ಬರೂ ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳು. ಐವತ್ತರಲ್ಲಿ 23 ಅನ್ನು ಮಾಸ್ ಒಬ್ಬನೇ ಹಿಡಿದ.

2008ರ ಮೊದಲ ಪಂದ್ಯದಲ್ಲೇ ಬ್ರೇಡಿ ಮಂಡಿಗೆ ಪೆಟ್ಟು ತಿಂದು ಕೂತ. ಬದಲಿಗೆ ಬಂದ ಮ್ಯಾಟ್ ಕ್ಯಾಸೆಲ್, ಹೈಸ್ಕೂಲು ಬಿಟ್ಟ ಮೇಲೆ ಕ್ವಾರ್ಟರ್‌ಬ್ಯಾಕ್ ಆಗಿ ಒಂದು ಪಂದ್ಯವನ್ನೂ ಶುರು ಮಾಡಿದವನಲ್ಲ. ಆದರೂ ತಂಡ 11 ಪಂದ್ಯ ಗೆದ್ದಿತು! ಅದೇ ಕ್ಯಾಸೆಲ್ ಮರುವರ್ಷ ಕಾನ್ಸಾಸ್ ಸಿಟಿಗೆ ಹೋದ: 16 ಟಚ್‌ಡೌನ್, 16 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದುಕೊಂಡ ಪಾಸ್).

ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಕತ್ತಿನ ತೊಂದರೆಯಿಂದ ಆಡದೆ ಹೋದ 2011ರಲ್ಲಿ ಇಂಡಿಯಾನಾಪೊಲಿಸ್ ಹತ್ತು ಗೆಲುವಿನಿಂದ ಎರಡಕ್ಕೆ ಕುಸಿಯಿತು, ನಿಜ. ಅದೊಂದು ನಿಮಗೆ ಬಿಟ್ಟುಕೊಟ್ಟೆ.

ಲೆಕ್ಕ ಬರೆಯುವ ರೀತಿಯನ್ನೇ ನೋಡಿ. ಸ್ಕ್ರೀನ್ ಪಾಸ್‌ನಲ್ಲಿ ಗೆರೆಯ ಹತ್ತಿರವೇ ನಿಂತವನಿಗೆ ಕ್ವಾರ್ಟರ್‌ಬ್ಯಾಕ್ ಮೆಲ್ಲಗೆ ಚೆಂಡು ದಾಟಿಸುತ್ತಾನೆ. ಇಬ್ಬರು ಲೈನ್‌ಮನ್‌ಗಳು ಎದುರಾಳಿಗಳನ್ನು ತಳ್ಳಿ ದಾರಿ ಮಾಡುತ್ತಾರೆ, ಹಿಡಿದವನು 70 ಗಜ ಓಡುತ್ತಾನೆ. ಆ ಎಪ್ಪತ್ತೂ ಗಜ ಎಸೆದವನ ಖಾತೆಗೆ ಜಮೆ, ತಳ್ಳಿದವರಿಗೆ ಸೊನ್ನೆ. ಉಲ್ಟಾನೂ ಅಷ್ಟೇ: ರಿಸೀವರ್‌ನ ಬೆರಳಿಗೆ ತಾಗಿ ಹಾರಿದ ಚೆಂಡು ಎದುರಾಳಿಗೆ ಸಿಕ್ಕರೆ ಇಂಟರ್‌ಸೆಪ್ಷನ್ ಎಸೆದವನ ತಲೆಗೆ. ಕ್ರಿಕೆಟ್ಟಿನ ಸ್ಕೋರ್‌ಪಟ್ಟಿ ಇಷ್ಟು ಜಿಪುಣ ಅಲ್ಲ. ಕುಂಬ್ಳೆಯವರ 619 ಟೆಸ್ಟ್ ವಿಕೆಟ್‌ಗಳಲ್ಲಿ 55ರ ಪಕ್ಕ ಕ್ಯಾಚ್ ಹಿಡಿದ ದ್ರಾವಿಡ್ ಹೆಸರೂ ಇದೆ.

ನಿಮ್ಮ ಟೆಕ್ಸಾಸ್‌ನದೇ ಕಥೆ: 2002ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಕ್ರಮ) ಎಲ್ಲರಿಗಿಂತ ಮೊದಲು ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್, ಹೊಸದಾಗಿ ಕಟ್ಟಿದ ಹ್ಯೂಸ್ಟನ್ ತಂಡದಲ್ಲಿ ಆ ವರ್ಷ 76 ಸಲ ಸ್ಯಾಕ್ ಆದ, ಅಂದರೆ ಚೆಂಡು ಎಸೆಯುವ ಮೊದಲೇ ನೆಲಕ್ಕೆ ಕೆಡವಿಸಿಕೊಂಡ. ಮಣ್ಣು ಕೊಡವಿಕೊಂಡು ಏಳುವುದೇ ಕೆಲಸವಾದವನ ತೋಳನ್ನು ಹೇಗೆ ಅಳೆಯುತ್ತೀರಿ? ಟ್ಯಾಂಪಾ ಬೇಯಲ್ಲಿ 11 ಟಚ್‌ಡೌನ್, 21 ಇಂಟರ್‌ಸೆಪ್ಷನ್ ಎಸೆದು ಕೈಲಾಗದವನೆನಿಸಿಕೊಂಡ ಸ್ಟೀವ್ ಯಂಗ್, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೆರ‍್ರಿ ರೈಸ್ ಎಂಬ ರಿಸೀವರ್ ಜೊತೆ ಆಡಿ ಎರಡು ಸಲ ಲೀಗಿನ ಅತ್ಯಮೂಲ್ಯ ಆಟಗಾರನಾದ.

ಆ ಪ್ರಶಸ್ತಿಯದ್ದೂ ಒಂದು ಕಥೆ. 1982ರಲ್ಲಿ ಮಾರ್ಕ್ ಮೋಸ್ಲಿ ಎಂಬ ಕಿಕ್ಕರ್‌ಗೂ ಅದು ಸಿಕ್ಕಿದೆ. ದಾಳಿಯ ಸಾಲಿನ ಲೈನ್‌ಮನ್‌ಗೆ ಒಮ್ಮೆಯೂ ಇಲ್ಲ. ನಮ್ಮಲ್ಲೇನು ಕಮ್ಮಿ? ಪುಸ್ತಕ ಬಿಡುಗಡೆಗೆ ಹೋಗಿ ನೋಡಿ. ಲೇಖಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳು ಪುಸ್ತಕ ಓದದೆಯೇ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಮುನ್ನೂರು ಪುಟದ ಕರಡು ತಿದ್ದಿದವರು ಹಿಂದಿನ ಸಾಲಿನಲ್ಲಿ ಉಪ್ಪಿಟ್ಟಿಗೆ ಕಾಯುತ್ತಿರುತ್ತಾರೆ. ವಂದನಾರ್ಪಣೆಯಲ್ಲಿ ಮೈಕಿನವರ ಹೆಸರಾದರೂ ಬರುತ್ತದೆ, ಅವರದ್ದು ಬರುವುದಿಲ್ಲ.

ನಿಮ್ಮ ಕೋಷ್ಟಕವನ್ನು ಅಚ್ಚು ಹಾಕುವ ಮನಸ್ಸಿದೆ. ಆದರೆ 2007ರ ಸಾಲಿನ ಕೆಳಗೆ ಮ್ಯಾಟ್ ಲೈಟ್, ಲೋಗನ್ ಮ್ಯಾಂಕಿನ್ಸ್, ಡ್ಯಾನ್ ಕೊಪ್ಪೆನ್, ಸ್ಟೀಫನ್ ನೀಲ್, ನಿಕ್ ಕಾಜರ್ ಎಂಬ ಐವರು ಲೈನ್‌ಮನ್‌ಗಳ ಹೆಸರು ಸೇರಿಸುತ್ತೇನೆ. ಒಪ್ಪಿಗೆ ಇದ್ದರೆ ತಿಳಿಸಿ.